ಮಾಸ್ಟ್ರ ಹಳೆ ಕಂಪ್ಯೂಟರಿನ ಲೈಸೆನ್ಸ್ ಎಲ್ಲಿತ್ತು? ಡೊಂಬಿವಲಿಯ ಒಂದು ಪ್ರಕರಣ

2024ರ ಜುಲೈ. ಡೊಂಬಿವಲಿಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದಿತ್ತು. ರಾತ್ರಿ ಕರೆಂಟು ಹೋಗುವುದು, ಬರುವುದು, ಬಂದ ಕೂಡಲೇ ಮತ್ತೆ ಹೋಗುವುದು ನಡೆದೇ ಇತ್ತು. ನಾಲ್ಕನೆಯ ದಿನ ಬೆಳಿಗ್ಗೆ ಆರೂವರೆಗೆ ಮಾಸ್ಟ್ರ ಫೋನು.

"ಸಿಪಿಯು ಏಳುವುದಿಲ್ಲ ಮಾರಾಯ. ಬಟನ್ ಒತ್ತಿದರೆ ಫ್ಯಾನ್ ಸಹ ತಿರುಗುವುದಿಲ್ಲ. ಶನಿವಾರದ ಆಟದ ಹ್ಯಾಂಡ್‌ಬಿಲ್ ಅದರೊಳಗೇ ಉಂಟು."

ಮಾಸ್ಟ್ರು ಮುಂಬಯಿಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ಪಾಠ ಹೇಳಿದವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಪುಸ್ತಕ ಹಿಡಿದು ಬರುತ್ತಿದ್ದ ಹುಡುಗರಿಗೆ ಅಕ್ಷರ ಕಲಿಸಿದ ಕೈ ಅವರದು. ನಿವೃತ್ತರಾದ ಮೇಲೆ ಪೂರ್ವ ಡೊಂಬಿವಲಿಯ ನೆಲಮಹಡಿಯ ಒಂದು ಖೋಲಿಯಲ್ಲಿ ಕನ್ನಡ ಡಿಟಿಪಿ ಮಾಡುತ್ತಾರೆ. ಮದುವೆ ಕಾಗದ, ಸತ್ಯನಾರಾಯಣ ಪೂಜೆಯ ಆಮಂತ್ರಣ, ಸಂಘಗಳ ಸ್ಮರಣ ಸಂಚಿಕೆ. ಊರಿನಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದರೆ ಮಾಸ್ಟ್ರಿಗೆ ಉಸಿರು ಬಿಡಲು ಪುರಸೊತ್ತಿಲ್ಲ. ನಾನು ಈ ಭಾಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. 2019ರಿಂದ ಅವರ ಯಂತ್ರದ ಜವಾಬ್ದಾರಿ ನನ್ನದು.

ಆ ಸಲ ಹೊಸ ಯಂತ್ರ ಕಟ್ಟಲು ಹಿಡಿದದ್ದು ಅರ್ಧ ದಿನ. ಹಳೆಯದರ ವಿಂಡೋಸ್ ಲೈಸೆನ್ಸನ್ನು ಅದಕ್ಕೆ ದಾಟಿಸಲು ಹಿಡಿದದ್ದು ನಾಲ್ಕು ದಿನ. ಆ ನಾಲ್ಕು ದಿನವನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ಹಳೆಯ ಯಂತ್ರದ ವಿಂಡೋಸನ್ನು ಹೊಸದಕ್ಕೆ ಒಯ್ಯಬಹುದೇ ಎಂಬ ಪ್ರಶ್ನೆ ಹಿಡಿದುಕೊಂಡು ನನ್ನ ಹತ್ತಿರ ಬರುವವರು ಬಹಳ ಮಂದಿ, ಮತ್ತು ಅವರಲ್ಲಿ ಹೆಚ್ಚಿನವರು ಕೇಳುವ ಹೊತ್ತಿಗೆ ಹಳೆಯ ಡಬ್ಬ ಗುಜರಿಯ ಭಂಗಾರ್‌ವಾಲನ ಗಾಡಿ ಹತ್ತಿರುತ್ತದೆ, ಪೆಟ್ಟಿಗೆ ಬಿಲ್ಲುಗಳು ರದ್ದಿಗೆ ಹೋಗಿರುತ್ತವೆ.

ಕ್ಯಾಬಿನೆಟ್ಟಿನ ಬದಿಯ ತಗಡು ತೆಗೆದಾಗಲೇ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಎಸ್‌ಎಂಪಿಎಸ್, ಅಂದರೆ ಒಳಗೆ ಕರೆಂಟು ಹಂಚುವ ಡಬ್ಬಿ, ಹೋಗಿತ್ತು. ಬೇರೆ ಎಸ್‌ಎಂಪಿಎಸ್ ಸಿಕ್ಕಿಸಿದರೂ ಬೋರ್ಡು ಏಳಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಪ್ರೊಸೆಸರಿಗೆ ಕರೆಂಟು ಕೊಡುವ ಸಾಲಿನಲ್ಲಿ ಕಡಲೆಬೇಳೆಯಷ್ಟು ದೊಡ್ಡ ಚಿಪ್ಪೊಂದು ನಡುವೆ ಸೀಳಿ, ಸುತ್ತಲಿನ ಜಾಗ ಕಂದಿಹೋಗಿತ್ತು. ಮದರ್‌ಬೋರ್ಡಿನ ಕತೆ ಮುಗಿದಿತ್ತು. ಪ್ರೊಸೆಸರ್, ರ್‍ಯಾಮ್, ಫೈಲುಗಳಿದ್ದ ಡಿಸ್ಕಾದ ಎಸ್‌ಎಸ್‌ಡಿ ಮೂರೂ ಉಳಿದಿದ್ದವು. ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಹ್ಯಾಂಡ್‌ಬಿಲ್ಲಿನ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಮಾಸ್ಟ್ರು ಕೊಡೆ ಬಿಡಿಸಿ ನೇರ ಪ್ರೆಸ್ಸಿಗೆ ನಡೆದರು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ ಹಾಕಿರಲಿಲ್ಲವಾದ್ದರಿಂದ ಇದು ಇಷ್ಟು ಸುಲಭವಾಯಿತು. ಹಾಕಿದ್ದರೆ ಬೇರೆ ಯಂತ್ರಕ್ಕೆ ಜೋಡಿಸಿದ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳುತ್ತಿತ್ತು. ಅದಿಲ್ಲದೆ ಒಂದು ಫೈಲೂ ತೆರೆಯುತ್ತಿರಲಿಲ್ಲ. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿಯೇ ಚಾಲೂ ಇರುತ್ತದೆ. ಆ ಕೀ ಎಲ್ಲಿದೆ ಎಂದು ಯಂತ್ರ ಬದುಕಿರುವಾಗಲೇ ನೋಡಿಟ್ಟುಕೊಳ್ಳಿ.

ಹಳೆಯದು ಇಂಟೆಲ್ಲಿನ ಆರನೆಯ ತಲೆಮಾರಿನ ಐ5 ಪ್ರೊಸೆಸರಿನದು. ಅದಕ್ಕೆ ಹೊಂದುವ ಸೆಕೆಂಡ್ ಹ್ಯಾಂಡ್ ಬೋರ್ಡು ಹುಡುಕಿ ಹಾಕಬಹುದಿತ್ತು. ನಾನು ಬೇಡ ಎಂದೆ. ವಿಂಡೋಸ್ 10ಕ್ಕೆ ಸುರಕ್ಷತಾ ಅಪ್‌ಡೇಟು ಕೊಡುವುದು 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತದೆ ಎಂದು ಆಗಲೇ ಹೇಳಿಯಾಗಿತ್ತು. ವಿಂಡೋಸ್ 11 ಬೇಕೆಂದರೆ ಇಂಟೆಲ್ಲಿನಲ್ಲಿ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದು, ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ವ್ಯವಸ್ಥೆಗಳು ಇರಬೇಕು. ಹದಿನೈದು ತಿಂಗಳ ಆಯುಸ್ಸಿಗೆ ಹಣ ಸುರಿಯುವುದು ಸರಿ ಕಾಣಲಿಲ್ಲ. ಮಾಸ್ಟ್ರೂ ಒಪ್ಪಿದರು.

ಮರುದಿನ ಇಬ್ಬರೂ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋದೆವು. ಹಲಗೆಯ ಮೇಲೆ ಡಾ. ಭಡ್ಕಮ್‌ಕರ್ ಮಾರ್ಗ ಎಂದಿದ್ದರೂ ಮುಂಬಯಿಯವರ ಬಾಯಲ್ಲಿ ಅದು ಇಂದಿಗೂ ಲ್ಯಾಮಿಂಗ್ಟನ್ ರೋಡ್, ಕಂಪ್ಯೂಟರ್ ಬಿಡಿಭಾಗಗಳ ಪೇಟೆ. ಕೊಂಡದ್ದು ಹನ್ನೆರಡನೆಯ ತಲೆಮಾರಿನ ಐ5, ಎಚ್610 ಬೋರ್ಡು, 16 ಜಿಬಿ ರ್‍ಯಾಮ್, 500 ಜಿಬಿಯ ಎನ್‌ವಿಎಂಇ ಡಿಸ್ಕು, ಒಳ್ಳೆಯ ಎಸ್‌ಎಂಪಿಎಸ್, ಹೊಸ ಕ್ಯಾಬಿನೆಟ್. ಬಿಲ್ಲು ಬರೆಯುವಾಗ ಕೌಂಟರಿನ ಹುಡುಗ ಕೇಳಿದ: "ವಿಂಡೋಸ್ ಹಾಕ್ಬೇಕಾ ಕಾಕಾ? ಒರಿಜಿನಲ್ ಕೀ, ನಾಲ್ಕುನೂರು ರೂಪಾಯಿ, ವಾಟ್ಸಾಪಿಗೆ ಬರ್ತದೆ."

ಮಾಸ್ಟ್ರು ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ.

ಹಿಂದಿರುಗುವ ಗಾಡಿಯಲ್ಲಿ ಕಾರಣ ಹೇಳಿದೆ. ಕೀ ಅಂದರೆ ವಿಂಡೋಸ್ ಅಸಲಿ ಎಂದು ದೃಢಪಡಿಸಲು ಹಾಕುವ 25 ಅಕ್ಷರದ ಗುರುತು, ಹಾಗೆ ದೃಢಪಡುವುದೇ ಆಕ್ಟಿವೇಟ್ ಆಗುವುದು. ನಾಲ್ಕುನೂರಕ್ಕೆ ಸಿಗುವ ಕೀ ಸುಳ್ಳು ಕೀ ಎಂದಲ್ಲ, ಹಾಕಿದರೆ ಬಹಳ ಸಲ ಆಕ್ಟಿವೇಟೂ ಆಗುತ್ತದೆ. ಆದರೆ ಅದು ಮಾರುವವನದ್ದಲ್ಲ. ದೊಡ್ಡ ಕಂಪನಿಗಳು ನೂರಾರು ಯಂತ್ರಕ್ಕೆಂದು ಒಟ್ಟಾಗಿ ತೆಗೆದುಕೊಳ್ಳುವ ವಾಲ್ಯೂಮ್ ಲೈಸೆನ್ಸಿನಿಂದ ಸೋರಿದ್ದಿರಬಹುದು, ಗುಜರಿಗೆ ಹೋದ ಯಂತ್ರದಿಂದ ಕಿತ್ತದ್ದಿರಬಹುದು. ವಾಲ್ಯೂಮಿನಲ್ಲೂ ಕೆಎಂಎಸ್ ಎಂಬ ಬಗೆಯಾದರೆ 180 ದಿನಕ್ಕೊಮ್ಮೆ ಆ ಸಂಸ್ಥೆಯ ಸರ್ವರಿಗೆ ಹೋಗಿ ಹಾಜರಿ ಹಾಕಿ ಬರಬೇಕು. ಆ ಸರ್ವರು ನಮ್ಮದಲ್ಲ. ಗಣೇಶೋತ್ಸವದ ಸಂಚಿಕೆ ಅರ್ಧವಾಗಿರುವಾಗ ಪರದೆ ಕಪ್ಪಾಗಿ "ವಿಂಡೋಸ್ ಆಕ್ಟಿವೇಟ್ ಮಾಡಿ" ಎಂದು ಬಂದರೆ ಯಾರನ್ನು ಕೇಳುವುದು?

"ಅದು ಹೌದು," ಎಂದರು ಮಾಸ್ಟ್ರು. "ಆದರೆ ನಾನು ಆಗ ಒರಿಜಿನಲ್ಲಿಗೇ ಹಣ ಕೊಟ್ಟದ್ದು. ಮತ್ತೆ ಕೊಡಬೇಕಾದರೆ ಕೊಡುವ. ಕೊಡಬೇಕಾ ಬೇಡವಾ ಅಂತ ನೀನು ನೋಡಿ ಹೇಳು."

ಅದನ್ನು ಹೇಳಬೇಕಾದರೆ ಒಂದು ಸಂಗತಿ ಗೊತ್ತಾಗಬೇಕಿತ್ತು. 2017ರಲ್ಲಿ ಹಳೆಯ ಯಂತ್ರ ಕಟ್ಟಿಸುವಾಗ ಅವರು ಕೊಂಡದ್ದು ಯಾವ ಜಾತಿಯ ಲೈಸೆನ್ಸು?

ಮಾಸ್ಟ್ರಿಗೆ ಇದನ್ನು ಹೇಳಲು ನಾನು ಅವರ ಶಾಲೆಯ ಭಾಷೆಯನ್ನೇ ಹಿಡಿದೆ. ವಿಂಡೋಸ್ ಲೈಸೆನ್ಸಿನಲ್ಲಿ ಮನೆಗೆ ಬರುವಂಥವು ಮುಖ್ಯವಾಗಿ ಎರಡು. ಒಇಎಂ ಎಂಬುದು ಯಂತ್ರದ ಜೊತೆಯೇ ಹುಟ್ಟುತ್ತದೆ. ಮನೆಗೆ ಹೊಸಿಲಿದ್ದ ಹಾಗೆ. ಮನೆ ಬಿಟ್ಟು ಹೋಗುವವನು ಹೊಸಿಲು ಕಿತ್ತುಕೊಂಡು ಹೋಗುವುದಿಲ್ಲ. ಮೊದಲು ಹಾಕಿದ ಮದರ್‌ಬೋರ್ಡು ಸತ್ತರೆ ಲೈಸೆನ್ಸೂ ಅಲ್ಲಿಗೇ ಮುಗಿಯಿತು. ಕೆಟ್ಟ ಬೋರ್ಡನ್ನು ತಯಾರಕರೇ ಅದೇ ಬಗೆಯ ಇನ್ನೊಂದರಿಂದ ಬದಲಿಸಿಕೊಟ್ಟರೆ ಮಾತ್ರ ಅದು ಉಳಿಯುತ್ತದೆ. ರೀಟೇಲ್ ಹಾಗಲ್ಲ. ಪೆಟ್ಟಿಗೆಯಲ್ಲಿ ಬೇರೆಯಾಗಿ ಕೊಂಡದ್ದು, ಕೊಂಡವನಿಗೆ ಸೇರಿದ್ದು. ತನ್ನದೇ ಇನ್ನೊಂದು ಯಂತ್ರಕ್ಕೆ ಅದನ್ನು ಒಯ್ಯಬಹುದು ಎಂದು ಕರಾರಿನಲ್ಲೇ ಬರೆದಿದೆ. ಒಂದೇ ಷರತ್ತು, ಹಳೆಯ ಯಂತ್ರದಿಂದ ತೆಗೆದಿರಬೇಕು. ಒಂದು ಲೈಸೆನ್ಸು ಎರಡು ಕಡೆ ಇರುವಂತಿಲ್ಲ.

"ಟಿಸಿ," ಎಂದರು ಮಾಸ್ಟ್ರು ತಕ್ಷಣ. "ಟಿಸಿ ತಂದರೆ ಸೇರಿಸಿಕೊಳ್ಳಬಹುದು. ಆದರೆ ಹಳೆ ಶಾಲೆಯ ಹಾಜರಿಯಲ್ಲಿ ಹೆಸರು ಹೊಡೆದಿರಬೇಕು."

ಅದಕ್ಕಿಂತ ಸರಿಯಾಗಿ ನಾನು ಹೇಳಲಾರೆ. ಈಗ ಎಲ್ಲ ಗಿರಾಕಿಗಳಿಗೂ ಅದೇ ಮಾತಿನಲ್ಲಿ ಹೇಳುತ್ತೇನೆ.

ಮಾಸ್ಟ್ರು ಮೊದಲು ತೋರಿಸಿದ್ದು ಹಳೆ ಕ್ಯಾಬಿನೆಟ್ಟಿನ ಮೇಲಿದ್ದ ಚೀಟಿ. ಅದರಲ್ಲಿ 25 ಅಕ್ಷರದ ಕೀ ಸ್ಪಷ್ಟವಾಗಿತ್ತು. "ಇದೇ ಅಲ್ವಾ?" ಅಲ್ಲ. ಅದು ವಿಂಡೋಸ್ 7 ಹೋಮ್ ಬೇಸಿಕ್ಕಿನದು, ಭಾರತದಂಥ ದೇಶಗಳಲ್ಲಷ್ಟೇ ಮಾರಿದ ಅಗ್ಗದ ಆವೃತ್ತಿ. 2017ರಲ್ಲಿ ಒಳಗಿನದೆಲ್ಲ ಬದಲಾದಾಗ ಡಬ್ಬ ಮಾತ್ರ ಹಿಂದಿನ ಕಂಪ್ಯೂಟರಿನದೇ ಉಳಿದಿತ್ತು. ಚೀಟಿ ಒಇಎಂ, ಅದರ ಬೋರ್ಡು ಏಳು ವರ್ಷದ ಹಿಂದೆಯೇ ಹೋಗಿತ್ತು. ಇನ್ನೂ ಒಂದು ಕಾರಣ ಇತ್ತು. ವಿಂಡೋಸ್ 7ರಿಂದ 10ಕ್ಕೆ ಪುಕ್ಕಟೆ ಏರುವ ಅವಕಾಶ 2016ರ ಜುಲೈ 29ಕ್ಕೇ ಮುಗಿದಿತ್ತು. ಆಮೇಲೂ ವರ್ಷಗಟ್ಟಲೆ ಹಳೆಯ ಕೀಗಳು ಸದ್ದಿಲ್ಲದೆ ನಡೆಯುತ್ತಿದ್ದವು ನಿಜ, ಆದರೆ ಆ ಬಾಗಿಲು ಮುಚ್ಚಿದೆ ಎಂದು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಹೇಳಿತು. ಹಳೆಯ ಲೇಖನ ಓದಿ 7ರ ಕೀ ಹಾಕಿ ನೋಡುವವರು ಈಗಲೂ ಇದ್ದಾರೆ. ಅವರ ಶ್ರಮ ವ್ಯರ್ಥ.

ಆಮೇಲೆ ಮೊಮ್ಮಗಳ ಲ್ಯಾಪ್‌ಟಾಪಿನ ಮಾತು ಬಂತು. ಅವಳಿಗೆ ಕಾಲೇಜಿನಿಂದ ಬೇರೆಯದು ಸಿಕ್ಕಿದೆ, ಅದರ ವಿಂಡೋಸನ್ನು ತೆಗೆದು ಇದಕ್ಕೆ ಹಾಕಲು ಬರುತ್ತದೋ ಎಂದು. ಬರುವುದಿಲ್ಲ. ಕಂಪನಿಯ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ 8ರ ಕಾಲದಿಂದ ಕೀಯನ್ನು ಬೋರ್ಡಿನ ಫರ್ಮ್‌ವೇರಿನಲ್ಲೇ ಬರೆದಿಟ್ಟಿರುತ್ತಾರೆ. ಅದು ಆ ಬೋರ್ಡಿನ ಆಸ್ತಿ.

ಉಳಿದದ್ದು ಎಸ್‌ಎಸ್‌ಡಿ. ಸತ್ತ ಬೋರ್ಡಿನಂಥದೇ ಹಳೆಯದೊಂದು ನನ್ನ ಅಂಗಡಿಯಲ್ಲಿತ್ತು. ಅದಕ್ಕೆ ಮಾಸ್ಟ್ರ ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ ಸಿಕ್ಕಿಸಿ ಎಬ್ಬಿಸಿದೆ. ಮಾಸ್ಟ್ರ ಡೆಸ್ಕ್‌ಟಾಪ್ ಹಾಗೇ ಕಣ್ಣ ಮುಂದೆ ಬಂತು, ಮೂಲೆಯಲ್ಲಿ "ಆಕ್ಟಿವೇಟ್ ಮಾಡಿ" ಎಂಬ ನೆರಳಕ್ಷರದೊಂದಿಗೆ. ಬೋರ್ಡು ಬೇರೆಯಾದದ್ದನ್ನು ಅದು ಗುರುತಿಸಿತ್ತು. ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್, ಒಂದು ಓರೆಗೆರೆ, ಡಿಎಲ್‌ಐ ಎಂದು ಹೊಡೆದೆ. ಲೈಸೆನ್ಸಿನ ಜಾತಿ ಯಾವುದೆಂದು ವಿಂಡೋಸನ್ನೇ ಕೇಳುವ ಆಜ್ಞೆ ಇದು. ಸಣ್ಣ ಪೆಟ್ಟಿಗೆಯೊಂದು ಎದ್ದಿತು. ಪ್ರೊಫೆಷನಲ್ ಆವೃತ್ತಿ. ರೀಟೇಲ್ ಚಾನೆಲ್. ಕೀಯ ಕೊನೆಯ ಐದಕ್ಷರ 3ವಿ66ಟಿ.

ಮಾಸ್ಟ್ರು ನನ್ನ ಭುಜದ ಮೇಲಿಂದ ಓದಿ, "ರೀಟೇಲ್ ಅಂತ ಬರೆದಿದೆಯಲ್ಲ, ಆಯ್ತಲ್ಲ!" ಎಂದರು.

ಇಲ್ಲೇ ಬಹಳ ಜನ ಎಡವುವುದು. ಈ ಆಜ್ಞೆ ರೀಟೇಲ್ ಎಂದರೆ ರೀಟೇಲ್, ಒಇಎಂ ಎಂದರೆ ಒಇಎಂ ಎಂದು ಎಲ್ಲ ಕಡೆ ಹೇಳುತ್ತಾರೆ. ಆದರೆ ಆ ಐದಕ್ಷರವನ್ನೂ ನೋಡಬೇಕು. 3ವಿ66ಟಿ ಎಂಬ ತುದಿ ಲೋಕದಲ್ಲಿ ಲಕ್ಷಾಂತರ ಯಂತ್ರಗಳಲ್ಲಿದೆ. ಅದು ವಿಂಡೋಸ್ ಪ್ರೊಗೆ ಮೈಕ್ರೋಸಾಫ್ಟ್ ಇಟ್ಟ ಸಾಮಾನ್ಯ ಕೀ. ಹೋಮ್ ಆವೃತ್ತಿಯದ್ದು 8ಎಚ್‌ವಿಎಕ್ಸ್7 ಎಂದು ಮುಗಿಯುತ್ತದೆ. ಸ್ವಂತ ಕೀ ಹಾಕದೆ, ಮೈಕ್ರೋಸಾಫ್ಟಿನ ಸರ್ವರಿನಲ್ಲಿ ದಾಖಲಾದ ಡಿಜಿಟಲ್ ಲೈಸೆನ್ಸಿನ ಬಲದ ಮೇಲೆ ನಡೆಯುವ ಯಂತ್ರಕ್ಕೆ ಈ ಕೀಯನ್ನು ವಿಂಡೋಸೇ ತೊಡಿಸುತ್ತದೆ. ಸಾಮಾನ್ಯ ಕೀ ತಾನು ರೀಟೇಲ್ ಪಂಗಡದ್ದಾದ್ದರಿಂದ ಪರದೆಯಲ್ಲಿ ರೀಟೇಲ್ ಎಂದೇ ಕಾಣುತ್ತದೆ. ಒಳಗಿನ ನಿಜವಾದ ಲೈಸೆನ್ಸು ಒಇಎಂನಿಂದ ಬಂದದ್ದಾದರೂ ಹೀಗೇ ಕಾಣುತ್ತದೆ. ಅಂದರೆ ಯಂತ್ರ ನಮಗೆ ಏನನ್ನೂ ಹೇಳಿರಲಿಲ್ಲ.

ಇದು ಹೀಗಾಗಲು ಕಾರಣ ನಾನು. 2019ರಲ್ಲಿ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದು, ಹೊಸದಾಗಿ ವಿಂಡೋಸ್ ತುಂಬಿದ್ದು ನಾನೇ. ಸೆಟಪ್ ಕೀ ಕೇಳಿದಾಗ "ನನ್ನ ಬಳಿ ಕೀ ಇಲ್ಲ" ಎಂಬುದನ್ನು ಒತ್ತಿ ಮುಂದೆ ಹೋಗಿದ್ದೆ. ಇಂಟರ್‌ನೆಟ್ ಸಿಕ್ಕ ಕೂಡಲೇ ಅದು ತಾನಾಗಿಯೇ ಆಕ್ಟಿವೇಟ್ ಆಯಿತು. 2015ರಲ್ಲಿ ವಿಂಡೋಸ್ 10 ಬಂದಾಗಿನಿಂದ ಕ್ರಮವೇ ಹಾಗೆ. ಒಮ್ಮೆ ಆಕ್ಟಿವೇಟ್ ಆದ ಯಂತ್ರದ ಗುರುತು ಮೈಕ್ರೋಸಾಫ್ಟಿನ ಸರ್ವರಿನಲ್ಲಿ ಉಳಿಯುತ್ತದೆ. ಆ ಗುರುತಿನಲ್ಲಿ ದೊಡ್ಡ ಪಾಲು ಮದರ್‌ಬೋರ್ಡಿನದು. ಡಿಸ್ಕು ಬದಲಿಸಿದರೂ ರ್‍ಯಾಮ್ ಹೆಚ್ಚಿಸಿದರೂ ಸರ್ವರು ಹಳೆಯ ಪರಿಚಯದವನನ್ನು ಕರೆದ ಹಾಗೆ ಒಳಗೆ ಬಿಡುತ್ತದೆ. ಅದರಿಂದಲೇ "ಕೀ ಇಲ್ಲದೆಯೂ ಆಗುತ್ತದೆ" ಎಂಬ ತಪ್ಪು ನಂಬಿಕೆ ಹರಡಿದೆ. ಕೀ ಇಲ್ಲದೆ ಆದದ್ದು ಆ ಬೋರ್ಡು ಅಲ್ಲಿದ್ದುದರಿಂದ.

ಅವತ್ತು ನಾನು ಇನ್ನು ಐದು ನಿಮಿಷ ಕೊಟ್ಟಿದ್ದರೆ ಈ ನಾಲ್ಕು ದಿನ ಬೇಕಾಗುತ್ತಿರಲಿಲ್ಲ. 2016ರ ಆಗಸ್ಟಿನಲ್ಲಿ ಬಂದ ವಿಂಡೋಸ್ 10ರ 1607 ಆವೃತ್ತಿಯಿಂದ ಡಿಜಿಟಲ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿಡಬಹುದು. ಜೋಡಿಸಿದ್ದರೆ ಹೊಸ ಯಂತ್ರದಲ್ಲಿ ಅದೇ ಅಕೌಂಟಿನಿಂದ ಒಳಗೆ ಹೋಗಿ, ಆಕ್ಟಿವೇಶನ್ ಪುಟದ ಟ್ರಬಲ್‌ಶೂಟರಿನಲ್ಲಿ "ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ" ಎಂದು ಒತ್ತಿ, ಪಟ್ಟಿಯಲ್ಲಿ ಹಳೆಯ ಯಂತ್ರದ ಹೆಸರು ಆರಿಸಿದರೆ ಆಯಿತು. ರೀಟೇಲ್ ಲೈಸೆನ್ಸಿಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಮಾಸ್ಟ್ರು ಇಮೇಲು, ಪಾಸ್‌ವರ್ಡು ಎಂದರೆ ಹಿಂಜರಿಯುವವರು. ಬೇಡ ಅಂದರು, ನಾನೂ ಬಿಟ್ಟೆ. ವಿವರಿಸಿ ಹೇಳಬೇಕಾದವನು ನಾನಾಗಿದ್ದೆ. ಆ ಭಾರ ಈಗಲೂ ನನ್ನ ಮನಸ್ಸಿನಲ್ಲಿದೆ.

ಯಂತ್ರ ಹೇಳದಿದ್ದರೆ ಕಾಗದ ಹೇಳಬೇಕು. ಮಾಸ್ಟ್ರು ಬಿಲ್ಲುಗಳನ್ನು ವರ್ಷವಾರು ದಾರ ಕಟ್ಟಿ ಇಡುವವರು. ಟ್ರಂಕಿನಿಂದ 2017ರ ಕಟ್ಟು ತೆಗೆದರು. ಏಪ್ರಿಲ್ ತಿಂಗಳದ್ದು, ಜಿಎಸ್‌ಟಿ ಬರುವ ಮೊದಲಿನ ವ್ಯಾಟ್ ಬಿಲ್ಲು. ಬೋರ್ಡು, ಪ್ರೊಸೆಸರ್, ರ್‍ಯಾಮಿನ ಕೆಳಗೆ ಪ್ರತ್ಯೇಕ ಸಾಲಿನಲ್ಲಿ ವಿಂಡೋಸ್ 10 ಪ್ರೊ, ಪಕ್ಕದಲ್ಲಿ ಎಫ್‌ಪಿಪಿ ಎಂಬ ಮೂರಕ್ಷರ, ಹತ್ತು ಸಾವಿರ ದಾಟಿದ ಬೆಲೆ. ಆ ಮೂರಕ್ಷರ ನೋಡಿ ನನಗೆ ಹೋದ ಜೀವ ಬಂದ ಹಾಗಾಯಿತು. ಎಫ್‌ಪಿಪಿ ಅಂದರೆ ಪೆಟ್ಟಿಗೆಯಲ್ಲಿ ಬರುವ ಪೂರ್ಣ ರೀಟೇಲ್ ಪ್ರತಿ. ಅದೇ ಜಾಗದಲ್ಲಿ ಒಇಎಂ ಎಂದಿದ್ದರೆ ಹೊಸದನ್ನು ಕೊಳ್ಳಿ ಎಂದು ಹೇಳಿ ಏಳುತ್ತಿದ್ದೆ.

ಬಿಲ್ಲಿದೆ, ಪೆಟ್ಟಿಗೆ ಎಲ್ಲಿ? ಕಪಾಟು, ಅಟ್ಟ, ಮಂಚದ ಅಡಿ ಎಲ್ಲ ಹುಡುಕಿಯಾಯಿತು. ಕೊನೆಗೆ ಮಾಸ್ಟ್ರ ಮನೆಯ ಅಮ್ಮ ಅಡುಗೆಮನೆಯಿಂದ ಬಂದು ಎಂತ ಹುಡುಕುತ್ತಿದ್ದೀರಿ ಎಂದರು. ಅಂಗೈಯಗಲದ ಪೆಟ್ಟಿಗೆ, ಮೇಲೆ ಕಿಟಕಿಯ ಚಿತ್ರ ಎಂದೆ. ಅವರು ಹೊಲಿಗೆ ಯಂತ್ರದ ಡ್ರಾಯರ್ ಎಳೆದು, "ಇದಾ ನೋಡಿ. ನನ್ನ ಬಾಬಿನ್ ಡಬ್ಬ," ಎಂದು ಕೈಗಿತ್ತರು. ಬಾಬಿನ್ನುಗಳನ್ನು ಪೇಪರಿನ ಮೇಲೆ ಸುರಿದೆವು. ಅದರಲ್ಲಿದ್ದ ವಿಂಡೋಸಿನ ಯುಎಸ್‌ಬಿ ಡ್ರೈವ್ ಯಾವಾಗಲೋ ಕಳೆದಿತ್ತು. ಅಡಿಯ ಪದರ ಎಬ್ಬಿಸಿದಾಗ ಕೀ ಇದ್ದ ಕಾರ್ಡು ಅಲ್ಲೇ ಅಂಟಿಕೊಂಡಿತ್ತು.

ಐದೈದರಂತೆ ಐದು ಗುಂಪು, 25 ಅಕ್ಷರ. ಹೊಲಿಗೆ ಯಂತ್ರದ ಎಣ್ಣೆ ಇಳಿದು ಮೂರನೆಯ ಗುಂಪು ಮಸುಕಾಗಿತ್ತು. ಒಂದು ಅಕ್ಷರ ಇಂಗ್ಲಿಷಿನ ಓ, ಕ್ಯೂ, ಸೊನ್ನೆ ಮೂರರಲ್ಲಿ ಯಾವುದೂ ಆಗಬಹುದಿತ್ತು. ಇನ್ನೊಂದು ಬಿ ಅಥವಾ 8. ಇಲ್ಲಿ ಒಂದು ಸಣ್ಣ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ. ವಿಂಡೋಸ್ ಕೀಯಲ್ಲಿ ಇಂಗ್ಲಿಷಿನ ಎ, ಇ, ಐ, ಓ, ಯು ಎಂಬ ಸ್ವರಗಳು ಬರುವುದೇ ಇಲ್ಲ. ಎಲ್, ಎಸ್, ಝಡ್ ಇಲ್ಲ. 0, 1, 5 ಅಂಕಿಗಳೂ ಇಲ್ಲ. ಹಾಗಾಗಿ ಮೊದಲನೆಯದು ಕ್ಯೂ ಎಂದು ಖಚಿತವಾಯಿತು. ಬಿ ಮತ್ತು 8 ಎರಡೂ ಬಳಕೆಯಲ್ಲಿರುವುದರಿಂದ ಹಾಕಿಯೇ ನೋಡಬೇಕು. ಮಾಸ್ಟ್ರು ಭೂತಗನ್ನಡಿ ತಂದು, ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು, ಒಂದೊಂದಾಗಿ ಕಾಗದಕ್ಕೆ ಇಳಿಸಿದರು. ಉತ್ತರಪತ್ರಿಕೆ ತಿದ್ದಿದ ಕೈ, ಒಂದು ಅಕ್ಷರವೂ ಅಲುಗಲಿಲ್ಲ.

ಹೊಸ ಯಂತ್ರಕ್ಕೆ ವಿಂಡೋಸ್ 11 ಪ್ರೊ ತುಂಬಿದೆ. 10ರ ಕೀ 11ಕ್ಕೂ ನಡೆಯುತ್ತದೆ, ಆವೃತ್ತಿ ಒಂದೇ ಆಗಿರಬೇಕು, ಪ್ರೊಗೆ ಪ್ರೊ. ಸೆಟಪ್ಪು ಈ ಸಲ ತಾನೇ ಮೈಕ್ರೋಸಾಫ್ಟ್ ಅಕೌಂಟು ಕೇಳಿತು. ಮಾಸ್ಟ್ರ ಹತ್ತಿರ ಕೂತು ಅದು ಯಾಕೆ ಬೇಕು, ಪಾಸ್‌ವರ್ಡ್ ಮರೆತರೆ ಮೊಬೈಲಿಗೆ ಸಂಖ್ಯೆ ಹೇಗೆ ಬರುತ್ತದೆ ಎಂದೆಲ್ಲ ನಿಧಾನವಾಗಿ ಹೇಳಿ ಮಾಡಿಸಿದೆ. ಆಮೇಲೆ ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್, ಅದರೊಳಗೆ ಆಕ್ಟಿವೇಶನ್, ಅಲ್ಲಿ ಕೀ ಬದಲಿಸುವ ಜಾಗ. ಬಿ ಹಾಕಿದರೆ ಕೀಯೇ ಸರಿಯಿಲ್ಲ ಎಂದು ಅಲ್ಲಿಗಲ್ಲೇ ತಳ್ಳಿತು. 8 ಹಾಕಿದೆ. ಚಕ್ರ ತಿರುಗಿತು. ನಂತರ ಸಿ004ಸಿ008 ಎಂದು ಮುಗಿಯುವ ದೋಷಸಂಖ್ಯೆ.

ಮಾಸ್ಟ್ರ ಮುಖ ಇಳಿಯಿತು. ನನಗೆ ಸಮಾಧಾನವೇ ಆಯಿತು. ಈ ಸಂಖ್ಯೆಯ ಅರ್ಥ, ಕೀ ಸರಿಯಾಗಿದೆ, ಆದರೆ ಬೇರೊಂದು ಯಂತ್ರದಲ್ಲಿ ಬಳಕೆಯಾಗಿದೆ ಎಂದು. ಬಳಕೆಯಾಗಿದ್ದು ಹೌದು, ಸುಟ್ಟುಹೋದ ಬೋರ್ಡಿನಲ್ಲಿ. ಸರ್ವರಿಗೆ ಆ ಬೋರ್ಡು ಸತ್ತದ್ದು ಗೊತ್ತಿಲ್ಲ. ಹಳೆಯ ಯಂತ್ರದಲ್ಲಿ ಎಸ್‌ಎಲ್‌ಎಂಜಿಆರ್ ಮುಂದೆ ಯುಪಿಕೆ ಎಂದು ಹೊಡೆದು ಕೀ ತೆಗೆದರೆ ಸರ್ವರಿನಲ್ಲೂ ಬಿಡುಗಡೆಯಾಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಅದು ಆ ಯಂತ್ರದೊಳಗಿನ ಕೀಯನ್ನಷ್ಟೇ ಕಳಚುತ್ತದೆ. ಯಂತ್ರ ಮಾರುವಾಗ ಅದನ್ನು ಮಾಡಲೇಬೇಕು, ಆದರೆ ಸರ್ವರಿಗೆ ಅದು ಟಿಸಿ ಅಲ್ಲ.

ಇಂಥಾಗ 2024ರಲ್ಲಿ ಉಳಿದಿದ್ದ ದಾರಿ ಫೋನಿನಲ್ಲಿ ಆಕ್ಟಿವೇಟ್ ಮಾಡುವುದು. ರನ್ ಪೆಟ್ಟಿಗೆಯಲ್ಲಿ ಎಸ್‌ಎಲ್‌ಯುಐ ಎಂದು ಬರೆದು ಜಾಗ ಬಿಟ್ಟು 4 ಹೊಡೆದರೆ ದೇಶ ಕೇಳುತ್ತಿತ್ತು. ಭಾರತ ಎಂದರೆ ಕರೆಯುವ ಸಂಖ್ಯೆಯೂ, ಏಳೇಳು ಅಂಕಿಯ ಒಂಬತ್ತು ಗುಂಪೂ ಪರದೆಯ ಮೇಲೆ ಬರುತ್ತಿದ್ದವು. ಕರೆ ಮಾಡಿದಾಗ ಆ 63 ಅಂಕಿಗಳ ಜೊತೆ ಒಂದು ಪ್ರಶ್ನೆ ಬರುತ್ತಿತ್ತು, ಈ ವಿಂಡೋಸ್ ಎಷ್ಟು ಕಂಪ್ಯೂಟರಿನಲ್ಲಿದೆ ಎಂದು. "ಒಂದು ಅಂತ ಒತ್ತಿದರೆ ಮುಂದೆ ಹೋಗುತ್ತದೆ," ಎಂದೆ.

ಮಾಸ್ಟ್ರು ಫೋನಿನ ಮೇಲೆ ಕೈ ಇಟ್ಟರು. "ಒಂದರಲ್ಲೇ ಉಂಟಾ?"

ನಾನು ತಡೆದೆ. ಹಳೆಯ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇನ್ನೂ ಇತ್ತು. ಮೊನ್ನೆ ನಾನೇ ಎಬ್ಬಿಸಿ ತೋರಿಸಿದ್ದೆ.

"ಹಾಗಾದರೆ ಮೊದಲು ಅದನ್ನು ಅಳಿಸು. ಆಮೇಲೆ ಒಂದು ಅಂತ ಒತ್ತುವ. ನಾನು ಹೊಡೆಯದ ಹೆಸರನ್ನು ಹೊಡೆದಿದ್ದೇನೆ ಅಂತ ಯಾವ ಟಿಸಿಯಲ್ಲೂ ಬರೆದವನಲ್ಲ."

ಆ ಡಿಸ್ಕಿನಲ್ಲಿ ಅವರ ಹದಿನೈದು ವರ್ಷದ ಕೆಲಸ ಇತ್ತು. ಅಳಿಸುವ ಮಾತು ಬಂದ ಮೇಲೆ ಅವಸರ ಮಾಡುವಂತಿಲ್ಲ. ಮೊದಲು ಹೊರಗಿನ ಹಾರ್ಡ್‌ಡಿಸ್ಕಿಗೆ ಒಂದು ಪ್ರತಿ, ಆಮೇಲೆ ಹೊಸ ಯಂತ್ರಕ್ಕೆ ಒಂದು ಪ್ರತಿ. ನುಡಿಯ ಹಳೆಯ ಫಾಂಟುಗಳನ್ನು ಬೇರೆಯಾಗಿ ಎತ್ತಿಟ್ಟೆ. ಯುನಿಕೋಡಿಗೂ ಮೊದಲಿನ ಫೈಲುಗಳು ಆ ಫಾಂಟು ಇಲ್ಲದೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾದ್ದರಿಂದ ಅದಕ್ಕೆ ಲೈಸೆನ್ಸಿನ ರಗಳೆ ಇಲ್ಲ. ಪುಟ ಕಟ್ಟುವ ತಂತ್ರಾಂಶಕ್ಕೆ ಅವರು ವರ್ಷ ವರ್ಷ ಹಣ ಕಟ್ಟುತ್ತಾರೆ, ಸೈನ್ ಇನ್ ಆದ ಕೂಡಲೇ ಅದು ಬಂತು. ಮಾಸ್ಟ್ರು ಹತ್ತು ಹಳೆಯ ಫೈಲುಗಳ ಹೆಸರು ಹೇಳಿದರು, ಹತ್ತನ್ನೂ ಹೊಸ ಯಂತ್ರದಲ್ಲಿ ತೆರೆದು ತೋರಿಸಿದೆ. ಅದರಲ್ಲೊಂದು 2009ರ ಸ್ಮರಣ ಸಂಚಿಕೆ, ಒತ್ತಕ್ಷರ ಸಹ ಜಾಗ ಬಿಟ್ಟಿರಲಿಲ್ಲ. ಆಮೇಲೆ ಎಸ್‌ಎಸ್‌ಡಿಯ ಎಲ್ಲ ಭಾಗಗಳನ್ನೂ ತೆಗೆದು ಫಾರ್ಮ್ಯಾಟ್ ಮಾಡಿ, ಖಾಲಿಯಾದದ್ದನ್ನು ಅವರಿಗೆ ತೋರಿಸಿ ಏಳುವಾಗ ರಾತ್ರಿ ಹತ್ತೂಕಾಲು.

ಮರುದಿನ ಬೆಳಿಗ್ಗೆ ಕರೆ ಮಾಡಿದೆವು. ಪರದೆ ನೋಡಿ ಓದುವವರು ಮಾಸ್ಟ್ರು, ಒತ್ತುವವನು ನಾನು. ಅವರು ಹಾಜರಿ ಕರೆಯುವ ದನಿಯಲ್ಲಿ ಒಂದೊಂದೇ ಅಂಕಿ ಬಿಡಿಸಿ ಹೇಳಿದರು, ಪ್ರತಿ ಗುಂಪು ಮುಗಿದ ಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ನಾನು ತಲೆಯಾಡಿಸಿದ ಮೇಲೆ ಮುಂದಿನದು. ಒಂಬತ್ತು ಗುಂಪು ಮುಗಿಯಿತು. ಎಷ್ಟು ಕಂಪ್ಯೂಟರು ಎಂಬ ಪ್ರಶ್ನೆ ಬಂದಾಗ ನಾನು ಫೋನನ್ನು ಅವರ ಕಡೆ ಚಾಚಿದೆ. ಅವರೇ 1 ಒತ್ತಿದರು.

ಅತ್ತ ಕಡೆಯ ದನಿ ಉತ್ತರದ ಅಂಕಿಗಳನ್ನು ಹೇಳತೊಡಗಿತು. ಎಯಿಂದ ಎಚ್‌ವರೆಗೆ ಎಂಟು ಗುಂಪು, ಆರಾರು ಅಂಕಿ. ಮಾಸ್ಟ್ರು ಬರೆದುಕೊಂಡರು, ನಾನು ತುಂಬಿದೆ. ಆಕ್ಟಿವೇಟ್ ಎಂಬುದನ್ನು ಒತ್ತಿ ಒಂದು ಕ್ಷಣ ಇಬ್ಬರೂ ಸುಮ್ಮನಿದ್ದೆವು. ಆಕ್ಟಿವೇಟ್ ಆಗಿದೆ ಎಂದು ಬಂತು. ಯಂತ್ರವನ್ನು ಒಮ್ಮೆ ಮುಚ್ಚಿ ತೆರೆದು ನೋಡಿದಾಗ ಆಕ್ಟಿವೇಶನ್ ಪುಟದಲ್ಲಿ ಇನ್ನೂ ಉದ್ದದ ಸಾಲಿತ್ತು: ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿದ ಡಿಜಿಟಲ್ ಲೈಸೆನ್ಸಿನಿಂದ ವಿಂಡೋಸ್ ಆಕ್ಟಿವೇಟ್ ಆಗಿದೆ. 2019ರಲ್ಲಿ ನಾನು ಬಿಟ್ಟಿದ್ದ ಸಾಲು ಅದು.

ಲೈಸೆನ್ಸಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಆ ನಾಲ್ಕು ದಿನಕ್ಕೆ ನಾನು ಮಜೂರಿ ತೆಗೆದುಕೊಳ್ಳಲಿಲ್ಲ. ಮಾಸ್ಟ್ರು ಒಪ್ಪದೆ, ಜಗಳ ಮಾಡಿ, ಕೊನೆಗೆ ಅಮ್ಮ ಕಟ್ಟಿಕೊಟ್ಟ ಪತ್ರೊಡೆಯಲ್ಲಿ ರಾಜಿಯಾಯಿತು. ಸುಟ್ಟ ಬೋರ್ಡು ಇದ್ದ ಹಳೆಯ ಡಬ್ಬ ಎರಡು ವಾರ ಬಾಗಿಲ ಹಿಂದೆಯೇ ಇತ್ತು, ಎಲ್ಲ ನೆಟ್ಟಗಾದ ಮೇಲೆ ಭಂಗಾರಿಗೆ ಹೋಯಿತು. ಖಾಲಿ ಎಸ್‌ಎಸ್‌ಡಿ ಈಗ ಹೊಸ ಯಂತ್ರದೊಳಗೆ ಎರಡನೆಯ ಡಿಸ್ಕಾಗಿ ಕೂತಿದೆ.

ಅವತ್ತು ನಾನು ಹೊರಡುವ ಮೊದಲು ಮಾಸ್ಟ್ರು ಉದ್ದ ರಟ್ಟಿನ ಒಂದು ರಿಜಿಸ್ಟರ್ ತೆಗೆದರು. ಗೆರೆ ಎಳೆದು ನಾಲ್ಕು ಮನೆ ಮಾಡಿ, ಕ್ರಮಸಂಖ್ಯೆ 1, ವಿಂಡೋಸ್ 10 ಪ್ರೊ, ಎಫ್‌ಪಿಪಿ, ಏಪ್ರಿಲ್ 2017 ಎಂದು ಬರೆದರು. ಹಳೆಯ ಯಂತ್ರದ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ, ಪಕ್ಕದಲ್ಲಿ ಹೊಸದರ ಹೆಸರು, ಜುಲೈ 2024, ಸಹಿ. ಎಣ್ಣೆ ಹತ್ತಿದ ಕಾರ್ಡನ್ನು ಲಕೋಟೆಗೆ ಹಾಕಿ ಅದೇ ಪುಟಕ್ಕೆ ಪಿನ್ನು ಚುಚ್ಚಿದರು. ಬಾಬಿನ್ ಡಬ್ಬ ಅಮ್ಮನ ಡ್ರಾಯರಿಗೆ ಹಿಂದಿರುಗಿತು. ಆಮೇಲೆ ಕುರ್ಚಿ ಎಳೆದುಕೊಂಡು ಗಣೇಶೋತ್ಸವ ಸಂಚಿಕೆಯ ಹದಿನಾಲ್ಕನೆಯ ಪುಟ ತೆರೆದರು.